ತಂಗಿಗೆ 37 ವರ್ಷ, ಡೌನ್ ಸಿಂಡ್ರೋಮ್. ದೊಡ್ಡವರಾದವರ ಆರೋಗ್ಯದ ಸಂಶೋಧನೆಗೆ ನಮ್ಮ ಕಡೆ ದುಡ್ಡು ಯಾರು ಕೊಡಬೇಕು?

ಬೇಳೆ ಅಂಗಡಿ, ಕಲಬುರಗಿ

ಉದ್ದ ಆಗ್ತದೆ. ಬೇಜಾರಾದರೆ ಕೊನೆಯ ಪ್ಯಾರಾ ಅಷ್ಟೇ ಓದಿ.

ಗಂಜ್‌ನಲ್ಲಿ ನಮ್ಮದು ಸಣ್ಣ ಬೇಳೆ ಅಂಗಡಿ. ತಂಗಿ 1988ರಲ್ಲಿ ಹುಟ್ಟಿದವಳು, ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟುವಾಗಲೇ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು. ಅಪ್ಪ ಜೋಪಾನ ಮಾಡಿಟ್ಟು ಹೋದ ಫೈಲಿನಲ್ಲಿ ಆಗಿನ ಡಾಕ್ಟರು ಬರೆದ ಒಂದು ಚೀಟಿ ಇದೆ. ಅದರಲ್ಲಿ 'ಮಂಗೋಲ್' ಅಂತ ಬರೆದಿದ್ದಾರೆ, ಡೌನ್ ಸಿಂಡ್ರೋಮಿಗೆ ಹಿಂದೆ ಹಾಗನ್ನುತ್ತಿದ್ದರಂತೆ. ಅದನ್ನು ಓದಿಕೊಂಡು ನಾನು ಮೂರನೇ ಕ್ಲಾಸಿನಲ್ಲಿ ಗೆಳೆಯರ ಮುಂದೆ, ನಮ್ಮ ತಂಗಿ ಮಂಗೋಲಿಯಾದವಳು ಅಂತ ಜಂಬ ಕೊಚ್ಚಿದ್ದೆ.

ದಿನಾ ಊಟ ಆದ ಮೇಲೆ ಅವಳು ಕಟ್ಟೆಯ ಮೇಲೆ ಬೇಳೆ ಕೇರೋ ಮರ ಇಟ್ಟುಕೊಂಡು ಕೂರುತ್ತಾಳೆ. ಮನೆಗೆ ಬೇಕಾದ ತೊಗರಿ ಬೇಳೆ ಹಸನು ಮಾಡೋದು ಅವಳ ಕೆಲಸ. ಇಪ್ಪತ್ತು ವರ್ಷದಿಂದ ಬೇರೆ ಯಾರೂ ಆ ಮರ ಮುಟ್ಟಿಲ್ಲ, ಮುಟ್ಟಿದರೆ ಸಿಟ್ಟು. ಹೋದ ದೀಪಾವಳಿ ಮುಗಿದ ಮೇಲೆ ಒಂದು ದಿನ ಅವ್ವ ಹೊರಗೆ ಬಂದು ನೋಡ್ತಾಳೆ, ಬೇಳೆಯನ್ನೆಲ್ಲ ಅಂಗಳಕ್ಕೆ ಎಸೆದಿದ್ದಾಳೆ. ಹರಳುಗಳನ್ನು ಒಂದೊಂದೇ ಆರಿಸಿ ಸ್ಟೀಲ್ ಬಟ್ಟಲಿಗೆ ಹಾಕಿದ್ದಾಳೆ. ಬಟ್ಟಲನ್ನು ಅವ್ವನ ಕೈಗೆ ಕೊಟ್ಟು 'ತಗೋ, ಸಾರಿಗಿ ಇಡು' ಅಂದಳಂತೆ.

ಅವತ್ತಿನಿಂದ ಒಂದೊಂದೇ ಗಮನಕ್ಕೆ ಬಂತು. ಹಗಲೆಲ್ಲ ನಿದ್ದೆ. ಮೂರು ಸಲ ಕರೆದರೂ ತಿರುಗಿ ನೋಡಲ್ಲ. ಕಾಲು ಬಾತಿವೆ. ಸೋಮವಾರ ಶರಣಬಸವೇಶ್ವರ ಅಪ್ಪನ ಗುಡಿಗೆ ಹೋಗೋಣ ಅಂದರೆ ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಈಗ ಎದ್ದೇಳೋದೇ ಇಲ್ಲ.

ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ, ಹೆಸರು ಬೇಡ. ಎರಡು ತಾಸು ಕಾದೆವು, ನಾಲ್ಕು ನಿಮಿಷ ನೋಡಿದರು. ಡಾಕ್ಟರು ಅವಳನ್ನು ಮುಟ್ಟಲೂ ಇಲ್ಲ. 'ಇಂಥವರು ಹಿಂಗೇ ಇರ್ತಾರ್ರಿ, ನಲವತ್ತರ ಹತ್ತಿರ ಬಂದ್ರ ಮರವು ಬರೂದೇ' ಅಂದು ವಿಟಮಿನ್ ಗುಳಿಗೆ ಬರೆದರು.

ರಾತ್ರಿ ಫೋನಿನಲ್ಲಿ ಓದುತ್ತಾ ಕೂತೆ. ಮರೆವಿನ ಕಾಯಿಲೆಗೆ ಸಂಬಂಧಪಟ್ಟ ಒಂದು ಜೀನ್ 21ನೇ ಕ್ರೋಮೋಸೋಮಿನಲ್ಲೇ ಇದೆಯಂತೆ. ಇವರಿಗೆ ಆ ಕ್ರೋಮೋಸೋಮ್ ಮೂರು ಇರೋದರಿಂದ 40ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರ ಮೆದುಳಿನಲ್ಲೂ ಅಲ್‌ಝೈಮರ್ಸ್‌ನ ಗುರುತು ಕಾಣುತ್ತದಂತೆ. ಓದಿದ್ದೆಲ್ಲ ಅಮೆರಿಕ, ಇಂಗ್ಲೆಂಡ್, ಸ್ಪೇನ್. ನಮ್ಮ ಕಲಬುರಗಿಯಲ್ಲಿ ಇಂಥವರು ಎಷ್ಟು ಜನ ಇದ್ದಾರೆ, ಎಷ್ಟು ವಯಸ್ಸಿನ ತನಕ ಬದುಕುತ್ತಾರೆ, ಯಾವುದರಿಂದ ಸಾಯುತ್ತಾರೆ, ಒಂದು ಸಾಲೂ ಸಿಗಲಿಲ್ಲ. ಕೇಳೋದು ಇಷ್ಟೇ. ನಮ್ಮ ಭಾಗದ ಅಭಿವೃದ್ಧಿಗೆ ಅಂತ ಬರೋ ದುಡ್ಡಿನಲ್ಲಿ ಇದಕ್ಕೊಂದು ಪಾಲು ಕೇಳೋದು ತಪ್ಪಾ? ಕೇಳಿದರೆ ಯಾರನ್ನು ಕೇಳಬೇಕು, ಏನಂತ ಕೇಳಬೇಕು?

ಬೀದರ್ ಕೋಟೆ

ಅಣ್ಣಾ, ಓದಿ ಸಂಕಟ ಆಯ್ತು. ಆದರೆ ನೇರವಾಗಿ ಹೇಳ್ತೀನಿ, ಸಂಶೋಧನೆ ಅನ್ನೋದು ಹೊಟ್ಟೆ ತುಂಬಿದವರ ಮಾತು. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಎಷ್ಟೋ ದಿನ ಮಕ್ಕಳ ಡಾಕ್ಟರೇ ಇರಲಿಲ್ಲ. ಮೊದಲು ಡಾಕ್ಟರು, ಗುಳಿಗೆ, ಮಾತು ಕಲಿಸೋರು. ಸಂಶೋಧನೆಗೆ ಕೊಟ್ಟ ದುಡ್ಡಿಂದ ಯಾರೋ ಎರಡು ಪೇಪರ್ ಬರೆದು ಪ್ರಮೋಷನ್ ತಗೋತಾರೆ, ಅಷ್ಟೇ. ನಾನು ಮೇಷ್ಟ್ರು, ಇಂಥ ಸರ್ವೆಗೆ ಎಷ್ಟು ಸಲ ಮನೆಮನೆ ಅಲೆದಿದ್ದೀನೋ ಲೆಕ್ಕ ಇಲ್ಲ. ಒಂದರ ಫಲಿತಾಂಶವನ್ನೂ ನಮಗೆ ಯಾರೂ ತಿರುಗಿ ತೋರಿಸಿಲ್ಲ.

ನೈಟ್ ಡ್ಯೂಟಿ, ಬೀದರ್

ಬೇಳೆ ಅಂಗಡಿ ಅಣ್ಣಾ, ದುಡ್ಡಿನ ಮಾತು ಆಮೇಲೆ. ಮೊದಲು ಇದನ್ನು ಓದಿ.

ನಾನು ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುವ ಡಾಕ್ಟರ್. ದೊಡ್ಡವರನ್ನು ನೋಡೋದು ನನ್ನ ಕೆಲಸ ಅಲ್ಲ. ಆದರೂ ಮೂವತ್ತು ದಾಟಿದ ಡೌನ್ ಸಿಂಡ್ರೋಮಿನವರನ್ನು ದೊಡ್ಡವರ ಓಪಿಡಿಯಿಂದ ನಮ್ಮ ಕಡೆಗೇ ಕಳಿಸ್ತಾರೆ, 'ನಿಮ್ಮ ಕೇಸು' ಅಂತ.

37ಕ್ಕೆ ಮರೆವಿನ ಕಾಯಿಲೆ ಅಂತ ಚೀಟಿ ಅಂಟಿಸಬಾರದು. ಅಪಾಯ ಇರೋದು ನಿಜ, ಜೀವಮಾನದಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಜನರಿಗೆ ಬರುತ್ತದೆ. ಆದರೆ ಸಾಮಾನ್ಯವಾಗಿ ಲಕ್ಷಣ ಕಾಣೋದು ಐವತ್ತರ ಆಸುಪಾಸು. ದೊಡ್ಡವರ ಆರೈಕೆಗೆ ಅಂತ 2020ರಲ್ಲಿ ಒಂದು ಮಾರ್ಗಸೂಚಿ ಬಂತು. ಮರೆವಿನ ತಪಾಸಣೆ 40ರಿಂದ ಶುರು ಮಾಡಿ, ಅದಕ್ಕಿಂತ ಮೊದಲೇ ಕಂಡರೆ ಹುಷಾರಾಗಿರಿ ಅನ್ನುತ್ತದೆ ಅದು. ಅಂದರೆ ಬೇರೆ ಕಾರಣ ಇದೆಯಾ ಅಂತ ಮೊದಲು ಹುಡುಕಬೇಕು.

ನಿದ್ದೆ, ಬಾವು, ನಿಧಾನ. ನೀವು ಬರೆದದ್ದು ಓದಿದ ಕೂಡಲೇ ನನಗೆ ನೆನಪಾಗಿದ್ದು ಥೈರಾಯ್ಡ್. ಇವರಲ್ಲಿ ಅದು ತುಂಬಾ ಸಾಮಾನ್ಯ. 21 ದಾಟಿದವರಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಟಿಎಸ್‌ಎಚ್ ಅನ್ನೋ ಥೈರಾಯ್ಡಿನ ರಕ್ತ ಪರೀಕ್ಷೆ ಮಾಡಿಸಿ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ತಂಗಿಗೆ ಕೊನೆಯ ಸಲ ಯಾವಾಗ ನೋಡಿದ್ದು? ಕರೆದರೆ ತಿರುಗಲ್ಲ ಅಂದಿರಿ, ಕಿವಿ ನೋಡಿಸಿ. ಇವರ ಕಿವಿಯ ದಾರಿ ಕಿರಿದು, ಗುಗ್ಗೆ ಗಟ್ಟಿಯಾಗಿ ಕೂತುಬಿಡ್ತದೆ. ರಾತ್ರಿ ಗೊರಕೆ ಹೊಡೆದು ನಡುವೆ ಉಸಿರು ನಿಂತ ಹಾಗೆ ಆಗ್ತದಾ? ಬಿ12 ನೋಡಿಸಿ. ಕಣ್ಣಿನ ಪೊರೆ ನೋಡಿಸಿ. ಹೃದಯದ ಎಕೋ ಯಾವತ್ತೂ ಮಾಡಿಸಿಲ್ಲ ಅಂದರೆ ಅದೂ ಒಂದು ಸಲ ಆಗಲಿ. ಮನೆಯಲ್ಲಿ ಯಾರಾದರೂ ತೀರಿಕೊಂಡರಾ? ಬೇಸರವನ್ನು ಇವರು ಬಾಯಿಬಿಟ್ಟು ಹೇಳಲ್ಲ, ಕೆಲಸ ಬಿಟ್ಟು ತೋರಿಸ್ತಾರೆ.

'ಇಂಥವರು ಹಿಂಗೇ' ಅನ್ನೋ ಒಂದು ಮಾತಿನ ಹಿಂದೆ ವಾಸಿಯಾಗೋ ಕಾಯಿಲೆಗಳು ಎಷ್ಟು ಮುಚ್ಚಿ ಹೋಗಿವೆಯೋ.

ಬೇಳೆ ಅಂಗಡಿ, ಕಲಬುರಗಿ

ಅಕ್ಕೋರೇ, ಥೈರಾಯ್ಡ್ ಅನ್ನೋ ಶಬ್ದ ಆ ಫೈಲಿನಲ್ಲಿ ಒಂದು ಕಡೆಯೂ ಇಲ್ಲ. 37 ವರ್ಷದ ಫೈಲು. ಅಪ್ಪ ಹೋಗಿ ಎರಡು ವರ್ಷ ಆಯ್ತು, ಅದೂ ಇರಬಹುದು. ನಾಳೆ ಬೆಳಿಗ್ಗೆಯೇ ರಕ್ತ ಕೊಡಿಸ್ತೀನಿ.

ಸುರಪುರದ ತಾಯಿ

ನನ್ನ ಮಗಳು 2019ರವಳು. ಏಳು ತಿಂಗಳ ತನಕ ಹಾಲು ಕುಡಿಯುವಾಗ ಬೆವರುತ್ತಿದ್ದಳು, ತುಟಿ ಕಪ್ಪಾಗುತ್ತಿತ್ತು. ಕಫ ಅಂದರು, ಸಿರಪ್ ಕೊಟ್ಟರು. ಅತ್ತೆಯವರು ಗ್ರಹಣದ ದಿನ ನೀನು ಹೊರಗೆ ಬಂದೆ ಅಂದರು. ಆಮೇಲೆ ಅಂಗನವಾಡಿಗೆ ಮಕ್ಕಳನ್ನು ನೋಡೋಕೆ ಬರ್ತಾರಲ್ಲ, ರಾಷ್ಟ್ರೀಯ ಬಾಲ ಸ್ವಾಸ್ಥ್ಯದವರು, ಆ ಟೀಮಿನ ಒಬ್ಬ ಹುಡುಗಿ ಎದೆಗೆ ಕೊಳವೆ ಇಟ್ಟು ತುಂಬಾ ಹೊತ್ತು ಕೇಳಿದಳು. ಏನೂ ಹೇಳದೆ ಇನ್ನೊಬ್ಬರನ್ನು ಕರೆದಳು. ಅಲ್ಲಿಂದ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು. ಹೃದಯದಲ್ಲಿ ರಂಧ್ರ. ಆಪರೇಷನ್ ಸರ್ಕಾರದ ಯೋಜನೆಯಲ್ಲೇ ಆಯ್ತು. ಆಪರೇಷನ್ ಮಾಡಿದ ಡಾಕ್ಟರು, ಇನ್ನು ಸ್ವಲ್ಪ ತಡ ಆಗಿದ್ದರೆ ಪುಪ್ಪುಸದ ಒತ್ತಡ ಏರಿ ಆಪರೇಷನ್ನೇ ಮಾಡೋಕೆ ಬರ್ತಿರಲಿಲ್ಲ ಅಂದರು. ಈಗ ಶಾಲೆಗೆ ಹೋಗ್ತಾಳೆ, ನನಗೆ ಜಡೆ ಹಾಕಲು ಬಿಡಲ್ಲ.

ಕೋಟೆ ಸರ್, ನಿಮ್ಮ ಮಾತಿಗೆ ಇದನ್ನು ಹೇಳಿದೆ. ಇಂಥ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ, ಹುಟ್ಟಿದ ಕೂಡಲೇ ಎಕೋ ಮಾಡಿ ಅಂತ ಯಾರೋ ಯಾವತ್ತೋ ಲೆಕ್ಕ ಹಾಕಿ ಬರೆದಿಟ್ಟಿದ್ದರು. ಅದು ಬೆಂಗಳೂರಿಗೆ ಗೊತ್ತಿತ್ತು. ಸುರಪುರಕ್ಕೆ ಬರೋಕೆ ಏಳು ತಿಂಗಳು ಹಿಡೀತು. ಯಾಕೆ ಹಿಡೀತು, ಎಲ್ಲಿ ನಿಂತಿತು, ಅದನ್ನು ಒಬ್ಬರು ಕೂತು ಹುಡುಕಲಿ ಅಂತ ನನ್ನ ಆಸೆ. ಅದು ಸಂಶೋಧನೆ ಆಗ್ತದಾ ಗೊತ್ತಿಲ್ಲ.

ಕಡಗಂಚಿ ಹಾಸ್ಟೆಲ್

ಆಗ್ತದೆ ಅಕ್ಕಾ, ಅದೂ ಸಂಶೋಧನೆಯೇ. ಸಂಶೋಧನೆ ಅಂದರೆ ಬಿಳಿ ಕೋಟು, ಸೂಕ್ಷ್ಮದರ್ಶಕ ಅಷ್ಟೇ ಅಂತ ಜನ ಅಂದುಕೊಂಡಿದ್ದಾರೆ.

ನಾನು ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ತಿರೋನು, ದುಡ್ಡಿನ ಕಥೆ ಸ್ವಲ್ಪ ಗೊತ್ತು. ಅಮೆರಿಕದಲ್ಲೂ ಇದಕ್ಕೆ ದುಡ್ಡು ತಾನಾಗಿ ಬಂದಿಲ್ಲ. 2017ರ ಅಕ್ಟೋಬರ್‌ನಲ್ಲಿ ಫ್ರಾಂಕ್ ಸ್ಟೀಫನ್ಸ್ ಅನ್ನೋರು ಅಲ್ಲಿನ ಸಂಸತ್ತಿನ ಸಮಿತಿ ಮುಂದೆ ಕೂತು ಸಂಶೋಧನೆಗೆ ದುಡ್ಡು ಕೊಡಿ ಅಂತ ಕೇಳಿದರು. ಸ್ಟೀಫನ್ಸ್ ಅವರಿಗೇ ಡೌನ್ ಸಿಂಡ್ರೋಮ್ ಇದೆ. ಮರುವರ್ಷ, 2018ರಲ್ಲಿ, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್ 'ಇನ್‌ಕ್ಲೂಡ್' ಅನ್ನೋ ಯೋಜನೆ ಶುರು ಮಾಡಿತು. ಮೊದಲ ವರ್ಷ ಸುಮಾರು 2.2 ಕೋಟಿ ಡಾಲರ್, 2023ರ ಹೊತ್ತಿಗೆ 9 ಕೋಟಿ ಡಾಲರ್. ಐದೇ ವರ್ಷದಲ್ಲಿ ನಾಲ್ಕು ಪಟ್ಟು. ತಂದೆತಾಯಿಯರು, ಸಂಘಗಳು ವರ್ಷಗಟ್ಟಲೆ ಬಾಗಿಲು ಬಡಿದ ಮೇಲೆ.

ಆ ದುಡ್ಡು ಎಲ್ಲಿಗೆ ಹೋಯ್ತು? ಒಂದು ಉದಾಹರಣೆ. ಇಂಟರ್‌ಫೆರಾನ್ ಅಂತ ವೈರಸ್ ಬಂದಾಗ ಮೈ ಕೊಡೋ ಕೂಗು ಇದೆ. ಅದನ್ನು ಕೇಳಿಸಿಕೊಳ್ಳೋ ಕಿವಿಗಳು ಆರು. ಅವುಗಳಲ್ಲಿ ನಾಲ್ಕರ ಜೀನ್ 21ನೇ ಕ್ರೋಮೋಸೋಮಿನಲ್ಲೇ ಇವೆ. ಮೂರು ಪ್ರತಿ ಇದ್ದರೆ ಮೈ ಸಣ್ಣ ಸದ್ದಿಗೂ ಬೆಚ್ಚಿ ಬೀಳುತ್ತದೆ, ತನ್ನ ಮೇಲೆ ತಾನೇ ಯುದ್ಧಕ್ಕೆ ಇಳಿಯುತ್ತದೆ. ಥೈರಾಯ್ಡ್ ಕೆಡೋದು, ಕೂದಲು ತೇಪೆತೇಪೆಯಾಗಿ ಉದುರೋದು, ಇವಕ್ಕೆ ಇದರ ಜೊತೆ ನಂಟಿದೆ ಅಂತ ಕೊಲೊರಾಡೊದ ತಂಡ ತೋರಿಸಿತು. ಸಂಧಿವಾತಕ್ಕೆ ಕೊಡೋ ಒಂದು ಹಳೆಯ ಮಾತ್ರೆಯನ್ನು ಇವರ ಚರ್ಮದ ಕಾಯಿಲೆಗೆ ಕೊಟ್ಟು ಪರೀಕ್ಷೆ ಮಾಡಿದ್ದಾರೆ.

ಇನ್ನೊಂದು ಮಜಾ ನೋಡಿ, ಮಜಾ ಅಲ್ಲ, ಹೊಟ್ಟೆ ಉರಿಯೋ ಮಾತು. ಮರೆವಿನ ಕಾಯಿಲೆಗೆ ಲೆಕನೆಮ್ಯಾಬ್ ಅಂತ ಹೊಸ ಔಷಧಿ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೀತು. ಆ ಕಾಯಿಲೆ ಯಾರಿಗೆ ಎಲ್ಲರಿಗಿಂತ ಖಚಿತವಾಗಿ ಬರುತ್ತದೋ, ಆ ಡೌನ್ ಸಿಂಡ್ರೋಮಿನವರನ್ನೇ ಅದರ ಪರೀಕ್ಷೆಗೆ ಸೇರಿಸಿಕೊಂಡಿರಲಿಲ್ಲ.

ಬೀದರ್ ಕೋಟೆ

ತಮ್ಮಾ, ಚಂದ ಬರ್ದಿ. ಆದರೆ ಎಲ್ಲಾ ಅಲ್ಲಿಯದೇ ಆಯ್ತಲ್ಲ. ಅವರು ದುಡ್ಡು ಹಾಕಿ ಕಂಡುಹಿಡಿದರೆ ನಾವು ಅದನ್ನೇ ತಂದು ಬಳಸೋಣ. ಮೋಟಾರ್ ಪಂಪು ನಾವು ಕಂಡುಹಿಡಿದಿಲ್ಲ, ಆದರೂ ಬಾವಿಯಿಂದ ನೀರು ಬರ್ತಿದೆ ಅಲ್ವಾ?

ನೈಟ್ ಡ್ಯೂಟಿ, ಬೀದರ್

ಪಂಪು ಎಲ್ಲ ಬಾವಿಗೂ ಒಂದೇ ಸರ್. ಮೈ ಹಾಗಲ್ಲ.

ಈ ಮಕ್ಕಳ ತೂಕ, ಎತ್ತರ ಸರಿ ಇದೆಯಾ ಅಂತ ನೋಡೋಕೆ ನಾನು ಬಳಸೋ ಪಟ್ಟಿ 2015ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಸುತ್ತಲಿನ ಮಕ್ಕಳನ್ನು ಅಳೆದು ಮಾಡಿದ್ದು. ಔರಾದ್ ಕಡೆಯ ಜೋಳದ ರೊಟ್ಟಿ ತಿನ್ನೋ ಮಗು ಆ ಗೆರೆಯ ಕೆಳಗೆ ಬಿದ್ದರೆ, ಅದು ಕಾಯಿಲೆಯೋ, ಊಟ ಸಾಲದ್ದೋ, ಅಥವಾ ಗೆರೆಯೇ ನಮ್ಮದಲ್ಲವೋ? ನನಗೆ ಹೇಳೋಕೆ ಬರಲ್ಲ. ಸುಮ್ನೆ ಮುಂದಿನ ತಿಂಗಳು ಬನ್ನಿ ಅಂತೀನಿ.

ಮೇಲೆ ಹೇಳಿದೆನಲ್ಲ, 2020ರ ಮಾರ್ಗಸೂಚಿ, ಅದರಲ್ಲಿ 14 ಶಿಫಾರಸು ಇವೆ. ಬಹುಪಾಲು ಶಿಫಾರಸಿನ ಮುಂದೆ 'ಆಧಾರ ದುರ್ಬಲ' ಅಂತ ಅವರೇ ಬರೆದುಕೊಂಡಿದ್ದಾರೆ. ಯಾಕಂದ್ರೆ ದೊಡ್ಡವರಾದ ಡೌನ್ ಸಿಂಡ್ರೋಮಿನವರ ಮೇಲೆ ಸರಿಯಾದ ಅಧ್ಯಯನ ಅಲ್ಲೇ ಕಮ್ಮಿ. ಅಮೆರಿಕದಲ್ಲಿ 1983ರ ಸುಮಾರಿಗೆ ಇವರ ಸರಾಸರಿ ಆಯುಷ್ಯ 25 ವರ್ಷ, ಈಗ 60ರ ಹತ್ತಿರ. ಹೃದಯದ ಆಪರೇಷನ್ ಬಂತು, ಮನೆಯವರು ಸಂಸ್ಥೆಗಳಿಗೆ ಬಿಡೋದು ನಿಂತಿತು, ಆಯುಷ್ಯ ಹೆಚ್ಚಿತು. ಹೆಚ್ಚಿದ ಮೂವತ್ತೈದು ವರ್ಷದಲ್ಲಿ ಮೈಯಲ್ಲಿ ಏನೇನಾಗ್ತದೆ ಅಂತ ಈಗ ಕಲೀತಿದ್ದಾರೆ.

ದುಡ್ಡು ಹಾಕಿದರೆ ಏನು ಸಿಗ್ತದೆ ಅನ್ನೋದಕ್ಕೆ ರಕ್ತದ ಕ್ಯಾನ್ಸರ್ ನೋಡಿ. ಈ ಮಕ್ಕಳಿಗೆ ಬರೋ ಒಂದು ಬಗೆಯ ಲ್ಯುಕೇಮಿಯಾಕ್ಕೆ ಕಡಿಮೆ ಪ್ರಮಾಣದ ಕೀಮೋ ಸಾಕು, ಜಾಸ್ತಿ ಕೊಟ್ಟರೆ ಔಷಧಿಯೇ ಕೊಲ್ಲಬಹುದು ಅಂತ ಗೊತ್ತಾದದ್ದು ಇವರನ್ನೇ ಬೇರೆಯಾಗಿ ಇಟ್ಟು ಅಧ್ಯಯನ ಮಾಡಿದ್ದರಿಂದ. ಬೇರೆ ಮಕ್ಕಳ ಲೆಕ್ಕವನ್ನೇ ತಂದು ಬಳಸಿದ್ದರೆ ಇದು ತಿಳೀತಿರಲಿಲ್ಲ.

ಸತ್ಯ ಹೇಳ್ತೀನಿ

ಸೋದರಿಕೆ ಮದುವೆ ನಿಲ್ಲಿಸಿ ಮೊದಲು. ಅಕ್ಕನ ಮಗಳು, ಅತ್ತೆ ಮಗ ಅಂತ ಕಟ್ಟಿಕೊಂಡರೆ ಇಂಥವೇ ಹುಟ್ಟೋದು. ಸಂಶೋಧನೆ ಎಲ್ಲ ಬೇಡ.

ಕಡಗಂಚಿ ಹಾಸ್ಟೆಲ್

ತಪ್ಪು. ಸೋದರಿಕೆಯಿಂದ ಬೇರೆ ಕೆಲವು ಕಾಯಿಲೆ ಬರಬಹುದು, ಅದು ಬೇರೆ ಮಾತು. ಡೌನ್ ಸಿಂಡ್ರೋಮಿನಲ್ಲಿ 100ಕ್ಕೆ 95 ಸಲ ಆಗೋದು ಇಷ್ಟೇ, ಅಂಡವೋ ವೀರ್ಯವೋ ತಯಾರಾಗುವಾಗ 21ನೇ ಜೋಡಿ ಬಿಡಿಸಿಕೊಳ್ಳದೆ ಒಟ್ಟಿಗೇ ಹೋಗಿಬಿಡ್ತದೆ. ಯಾರ ಮಗಳನ್ನು ಮದುವೆಯಾದಿರಿ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ತಾಯಿಯ ವಯಸ್ಸು 35 ದಾಟಿದರೆ ಸಂಭವ ಏರುತ್ತದೆ ನಿಜ. ಹಾಗಂತ ಚಿಕ್ಕ ವಯಸ್ಸಿನ ತಾಯಂದಿರಿಗೇ ಇಂಥ ಮಕ್ಕಳು ಜಾಸ್ತಿ ಹುಟ್ಟೋದು, ಯಾಕಂದ್ರೆ ಹೆರಿಗೆಯೇ ಅವರದ್ದು ಜಾಸ್ತಿ.

ಸುರಪುರದ ತಾಯಿ

ನಮ್ಮದು ಸೋದರಿಕೆ ಅಲ್ಲ. ನನಗೆ ಆಗ 22. ಏಳು ತಿಂಗಳು ನನ್ನನ್ನು ಗ್ರಹಣಕ್ಕೆ ಬೈದರು, ಈಗ ನೀವೊಬ್ಬರು ಬಂದಿರಿ. 'ಇಂಥವು' ಅಂತ ನೀವು ಬರೆದದ್ದು ನನ್ನ ಮಗಳಿಗೆ.

ಸೇಡಂ ಲೆಕ್ಕ

ನಾನು ಲೆಕ್ಕಪತ್ರದವನು, ಕಾಯಿಲೆ ತಿಳಿಯಲ್ಲ, ದುಡ್ಡಿನ ದಾರಿ ಹೇಳ್ತೀನಿ.

ಒಂದು, ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ. ನಮ್ಮ ಭಾಗಕ್ಕೆ ಅಂತ ಸಂವಿಧಾನದಲ್ಲಿ 371(ಜೆ) ಬಂದ ಮೇಲೆ ಹುಟ್ಟಿದ್ದು, ವರ್ಷಕ್ಕೆ 5,000 ಕೋಟಿ ಅಂತ ಘೋಷಣೆ ಇದೆ. ಒಂದು ಕೋಟಿ ಕೇಳಿದರೆ ಐದು ಸಾವಿರದಲ್ಲಿ ಒಂದು ಪಾಲು. ಆದರೆ ಕಟ್ಟಡ, ರಸ್ತೆ ಅಂದರೆ ಕಣ್ಣಿಗೆ ಕಾಣ್ತದೆ, ಉದ್ಘಾಟನೆಗೆ ರಿಬ್ಬನ್ ಕತ್ತರಿಸಬಹುದು. ಡೌನ್ ಸಿಂಡ್ರೋಮಿನವರ ಹೆಸರಿನ ಪಟ್ಟಿಗೆ ರಿಬ್ಬನ್ ಎಲ್ಲಿ ಕಟ್ತೀರಿ? ಎರಡು, ನಮ್ಮ ಕಡೆಯ ಸಿಮೆಂಟ್ ಕಾರ್ಖಾನೆಗಳ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡಬೇಕಾದ ದುಡ್ಡು. ಕಾನೂನಿನ ಪ್ರಕಾರ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 100ಕ್ಕೆ 2 ರೂಪಾಯಿ. ಅದನ್ನು ಸರ್ಕಾರಿ ವಿಶ್ವವಿದ್ಯಾಲಯದ ವೈದ್ಯಕೀಯ ಸಂಶೋಧನೆಗೂ ಕೊಡಬಹುದು, ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲಿನಲ್ಲಿ ಇದೆ. ಕೇಳೋರಿಲ್ಲ. ಶಾಲೆಗೆ ಬೆಂಚು, ಊರಿಗೆ ನೀರಿನ ಟ್ಯಾಂಕಿ, ಎಲ್ಲರೂ ಕೇಳೋದು ಅಷ್ಟೇ.

ಅಪರೂಪದ ಕಾಯಿಲೆಗೆ 50 ಲಕ್ಷದ ತನಕ ಕೊಡೋ ಕೇಂದ್ರದ 2021ರ ನೀತಿ ಇದೆಯಲ್ಲ, ಅದಕ್ಕೆ ಕೈ ಚಾಚಬೇಡಿ, ಡೌನ್ ಸಿಂಡ್ರೋಮ್ ಆ ಪಟ್ಟಿಯಲ್ಲಿಲ್ಲ.

ನೈಟ್ ಡ್ಯೂಟಿ, ಬೀದರ್

ಇಲ್ಲ, ಯಾಕಂದ್ರೆ ಇದು ಅಪರೂಪವೇ ಅಲ್ಲ. ಸುಮಾರು 800 ಹೆರಿಗೆಗೆ ಒಂದು. ಬಾಯಿಲೆಕ್ಕ ಹಾಕಿ ನೋಡಿ. 2011ರ ಜನಗಣತಿಯಲ್ಲಿ ಕಲಬುರಗಿ, ಬೀದರ್, ಯಾದಗಿರಿ ಸೇರಿ 54 ಲಕ್ಷ ಜನ. ಸಾವಿರಕ್ಕೆ 18 ಹೆರಿಗೆ ಅಂತ ಹಿಡಿದರೂ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ. ಅಂದರೆ ಪ್ರತಿ ವರ್ಷ ಮೂರೂ ಜಿಲ್ಲೆಯಲ್ಲಿ ಸುಮಾರು 120 ಮಕ್ಕಳು. ಇದು ನನ್ನ ಅಂದಾಜು, ಯಾರ ವರದಿಯೂ ಅಲ್ಲ. ಅಪರೂಪ ಅಂದರೆ ಆ ಕಡೆಯ ದುಡ್ಡಾದರೂ ಸಿಗ್ತಿತ್ತು, ಸಾಮಾನ್ಯ ಅಂದರೆ ಸಾಮಾನ್ಯ ಕಾಯಿಲೆಗಳ ಸಾಲಿನಲ್ಲೂ ಜಾಗ ಇಲ್ಲ.

ಕಡಗಂಚಿ ಹಾಸ್ಟೆಲ್

ಯಾದಗಿರಿಯವರಿಗೆ ಒಂದು ನೆನಪು. 2019ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 'ಉಮ್ಮೀದ್' ಅಂತ ಕಾರ್ಯಕ್ರಮ ತಂದಾಗ, ಗರ್ಭಿಣಿಯರಿಗೂ ಹುಟ್ಟಿದ ಮಕ್ಕಳಿಗೂ ಆನುವಂಶಿಕ ಕಾಯಿಲೆ ಪರೀಕ್ಷೆ ಮಾಡೋಕೆ ದೇಶದಲ್ಲಿ ಆರಿಸಿದ ಕೆಲವೇ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಅಂದರೆ ಹಿಂದುಳಿದ ಜಿಲ್ಲೆಯಲ್ಲಿ ಇಂಥದ್ದು ಆಗಲ್ಲ ಅನ್ನೋದು ಸುಳ್ಳು. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಕಾಗದಕ್ಕೆ ಹಚ್ಚಿ ಕಳಿಸೋದು ಯಾದಗಿರಿಯಲ್ಲೂ ಆಗ್ತದೆ. ನಮ್ಮ ಕಡೆ ಕೆಲಸ ಎಲ್ಲ ಹುಟ್ಟಿದ ಮಕ್ಕಳ ಹತ್ತಿರವೇ ನಿಂತುಬಿಡ್ತದೆ. ಬೇಳೆ ಅಂಗಡಿ ಅಣ್ಣನ ತಂಗಿ ವಯಸ್ಸಿನವರಿಗೆ ಏನೂ ಇಲ್ಲ.

ಹೊಸಬ, ಹುಮನಾಬಾದ್

ಮಧ್ಯದಲ್ಲಿ ಕೇಳ್ತೀನಿ ತಪ್ಪು ತಿಳೀಬೇಡಿ. ಅಣ್ಣನ ಮಗನಿಗೆ ಯುಡಿಐಡಿ ಕಾರ್ಡ್, ಅಂಗವಿಕಲರ ಗುರುತಿನ ಚೀಟಿ, ಆಗಿದೆ. ಇನ್ಶೂರೆನ್ಸ್ ಏನಾದರೂ ಸಿಗ್ತದಾ?

ಸೇಡಂ ಲೆಕ್ಕ

ನಿರಾಮಯ ಅಂತ ಇದೆ, ರಾಷ್ಟ್ರೀಯ ನ್ಯಾಸದ್ದು. ವರ್ಷಕ್ಕೆ 1 ಲಕ್ಷದ ತನಕ. ಓಪಿಡಿ, ಥೆರಪಿ ಖರ್ಚೂ ಬರ್ತದೆ. ಬಿಲ್ಲು ಒಂದೂ ಬಿಸಾಡಬೇಡಿ.

ಬೇಳೆ ಅಂಗಡಿ, ಕಲಬುರಗಿ

ಹನ್ನೊಂದು ದಿನ ಆದ ಮೇಲೆ ಬರೀತಿದ್ದೀನಿ.

ಟಿಎಸ್‌ಎಚ್ 42. ಐದರ ಒಳಗೆ ಇರಬೇಕಂತೆ. ಲ್ಯಾಬಿನ ಹುಡುಗ ತಪ್ಪಾಗಿರಬೇಕು ಅಂತ ಇನ್ನೊಂದು ಸಲ ಮಾಡಿದ, ಅದೇ ಬಂತು. ಬೇರೆ ಡಾಕ್ಟರ ಹತ್ತಿರ ಹೋದೆ. ಇವರು ಅವಳ ಹೆಸರು ಕೇಳಿ, ಅವಳ ಜೊತೆಗೇ ಮಾತಾಡಿದರು. ಎಕೋ ಮಾಡಿಸಿ, ಥೈರಾಯ್ಡಿನ ಮಾತ್ರೆ ಕಡಿಮೆಯಿಂದ ಶುರು ಮಾಡಿದ್ದಾರೆ. ಬೆಳಿಗ್ಗೆ ಚಹಾಕ್ಕಿಂತ ಮೊದಲು ಬರೀ ಹೊಟ್ಟೆಗೆ.

ಕಿವಿಯದು ಹೇಳ್ತೀನಿ ಕೇಳಿ. ಐದು ದಿನ ಡ್ರಾಪ್ಸ್ ಹಾಕಿ ಆರನೇ ದಿನ ಎರಡೂ ಕಿವಿಯಿಂದ ಗುಗ್ಗೆ ತೆಗೆದರು, ಹುಣಸೆ ಬೀಜದಷ್ಟು ಗಟ್ಟಿ. ಆಟೋದಲ್ಲಿ ಮನೆಗೆ ಬರುವಾಗ ಡ್ರೈವರ್ ಹಾರ್ನ್ ಹೊಡೆದ ಕೂಡಲೇ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು 'ಏಯ್, ಸುಮ್ಕಿರೋ' ಅಂತ ಬೈದಳು. ಮನೆಗೆ ಬಂದು ಅವ್ವನ ಧಾರಾವಾಹಿ ಸೌಂಡ್ ಕಮ್ಮಿ ಮಾಡಿಸಿದಳು. ಎಷ್ಟು ದಿನದಿಂದ ಅವಳಿಗೆ ಕೇಳಿಸ್ತಿರಲಿಲ್ಲವೋ ಏನೋ. ನಾವು ಮಾತ್ರ ಹಟ ಜಾಸ್ತಿ ಆಯ್ತು ಅಂತ ಗದರುತ್ತಿದ್ದೆವು.

ಬೇಳೆ ಇನ್ನೂ ಎಸೆಯುತ್ತಾಳೆ. ಮರೆವಿನ ಕಾಯಿಲೆ ಇಲ್ಲ ಅಂತ ಡಾಕ್ಟರು ಹೇಳಿಲ್ಲ. ಮೊದಲು ಇದು ಹತೋಟಿಗೆ ಬರಲಿ, ಆಮೇಲೆ ನೋಡೋಣ ಅಂದಿದ್ದಾರೆ.

ಬೀದರ್ ಕೋಟೆ

ಒಳ್ಳೆಯ ಸುದ್ದಿ ಅಣ್ಣಾ. ಆದರೆ ನೋಡಿ, ನಾನು ಹೇಳಿದ್ದೇ ಬಂತಲ್ಲ? ಬೇಕಾಗಿದ್ದು ಮುನ್ನೂರು ರೂಪಾಯಿಯ ರಕ್ತ ಪರೀಕ್ಷೆ, ಮನಸ್ಸಿಟ್ಟು ನೋಡೋ ಡಾಕ್ಟರು. ಸಂಶೋಧನೆ ಅಲ್ಲ.

ಬೇಳೆ ಅಂಗಡಿ, ಕಲಬುರಗಿ

ಸರ್, ನಾನೂ ಹಾಗೇ ಅಂದುಕೊಂಡೆ, ಎರಡು ದಿನ. ಆಮೇಲೆ ಲೆಕ್ಕ ಹಾಕಿದೆ. ಆ ಮುನ್ನೂರು ರೂಪಾಯಿ ಪರೀಕ್ಷೆಯನ್ನು ಇವಳಿಗೆ ಮಾಡಬೇಕು ಅಂತ ಹೇಳಿದ್ದು ಯಾರೋ ದುಡ್ಡು ಹಾಕಿ ನೂರಾರು ಜನರನ್ನು ವರ್ಷಗಟ್ಟಲೆ ನೋಡಿದ್ದರಿಂದ ಬಂದ ಮಾತು. ಅದು ನಮ್ಮೂರಿಗೆ ತಲುಪಿರಲಿಲ್ಲ, ಅದು ನೀವು ಹೇಳೋ ತಪ್ಪು, ಒಪ್ಪಿದೆ. ಆದರೆ ಇನ್ನೊಂದು ಇದೆ. ತಂಗಿಗೆ ಥೈರಾಯ್ಡ್ ಕೆಟ್ಟು ಎಷ್ಟು ವರ್ಷ ಆಗಿತ್ತು, ಅಷ್ಟು ವರ್ಷ ಬಿಟ್ಟಿದ್ದರಿಂದ ಮೆದುಳಿಗೆ ಏನಾಗಿದೆ ಅಂತ ಡಾಕ್ಟರನ್ನು ಕೇಳಿದೆ. 37 ವರ್ಷ ಥೈರಾಯ್ಡ್ ನೋಡದೇ ಬಿಟ್ಟವರ ಲೆಕ್ಕ ಆ ದೇಶಗಳ ಪುಸ್ತಕದಲ್ಲಿ ಸಿಗೋದು ಕಷ್ಟ, ಅಲ್ಲಿ ಯಾರೂ ಹಾಗೆ ಬಿಡಲ್ಲ ಅಂದರು. ಅದು ನಮ್ಮ ಪ್ರಶ್ನೆ. ನಾವೇ ಕೇಳದಿದ್ದರೆ ಇನ್ಯಾರು ಕೇಳ್ತಾರೆ?

ಬೀದರ್ ಕೋಟೆ

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಒಂದು ಷರತ್ತು. ದುಡ್ಡು ಕೇಳೋದಾದರೆ ಪರೀಕ್ಷೆಯೂ ಚಿಕಿತ್ಸೆಯೂ ಅದರೊಳಗೇ ಇರಬೇಕು. ರಕ್ತ ತಗೊಂಡು ಹೋಗಿ, ಟಿಎಸ್‌ಎಚ್ 42 ಅಂತ ಪುಸ್ತಕದಲ್ಲಿ ಬರಕೊಂಡು, ಮಾತ್ರೆ ಕೊಡದೆ ಹೋದರೆ ನಾನೇ ಬಂದು ಜಗಳ ಆಡ್ತೀನಿ. ಮತ್ತೆ ಫಲಿತಾಂಶವನ್ನು ಮನೆಯವರಿಗೆ ಕನ್ನಡದಲ್ಲಿ ಬರೆದು ಕೊಡಬೇಕು.

ಕಡಗಂಚಿ ಹಾಸ್ಟೆಲ್

ಸರ್, ನಿಮ್ಮ ಷರತ್ತು ಅರ್ಜಿಯಲ್ಲಿ ಹಾಗೇ ಬರೀಬೇಕು. ಮೂರು ವರ್ಷದ ಕೆಲಸ ಅಂತ ಇಟ್ಟುಕೊಳ್ಳೋಣ. ಮೊದಲು 18 ದಾಟಿದವರನ್ನು ಹುಡುಕೋದು, ಆಮೇಲೆ ವರ್ಷಕ್ಕೊಮ್ಮೆ ಥೈರಾಯ್ಡ್, ಕಿವಿ, ಕಣ್ಣು, ಎಕೋ, ನಿದ್ದೆ. ಮನೆಯವರನ್ನು ಕೇಳಿ, ಅವರಿಗೆ ಮೊದಲು ಏನು ಮಾಡೋಕೆ ಬರ್ತಿತ್ತು ಅಂತ ಬರೆದಿಡೋದು. ಇದು ಮುಖ್ಯ. ತಂಗಿ ಬೇಳೆ ಹಸನು ಮಾಡ್ತಿದ್ದಳು ಅನ್ನೋದು ಅಣ್ಣನಿಗೆ ಗೊತ್ತಿದ್ದಕ್ಕೇ ಏನೋ ಬದಲಾಗಿದೆ ಅಂತ ತಿಳೀತು. ಅವರಿವರಿಗೆ ಮಾಡೋ ನೆನಪಿನ ಪರೀಕ್ಷೆ, ಇವತ್ತು ಯಾವ ವಾರ, ನೂರರಿಂದ ಏಳು ಕಳೀರಿ, ಅವೆಲ್ಲ ಇವರಿಗೆ ನಡೆಯಲ್ಲ.

ಒಂದು ಎಚ್ಚರ. ಯಾರ ಹೆಸರೂ, ವಿಳಾಸವೂ, ಫೋಟೋವೂ ಇಲ್ಲಿ ಹಾಕಬೇಡಿ. ಪಟ್ಟಿ ಮಾಡೋದು ಬೇರೆ, ಸಂಶೋಧನೆ ಬೇರೆ. ಸಂಶೋಧನೆಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ನಿಯಮ ಇದೆ. ಮನೆಯವರ ಸಹಿ ಸಾಲದು, ಡೌನ್ ಸಿಂಡ್ರೋಮ್ ಇರೋರಿಗೆ ತಿಳಿಯೋ ಹಾಗೆ ಹೇಳಿ ಅವರನ್ನೂ ಕೇಳಬೇಕು. ಸೂಜಿ ಬೇಡ ಅಂದರೆ ಬೇಡ.

ಸುರಪುರದ ತಾಯಿ

ನನ್ನ ಮಗಳು ಸೂಜಿಗೆ ಯಾವತ್ತೂ ಬೇಡ ಅಂತಾಳೆ, ಐಸ್‌ಕ್ರೀಮ್ ಅಂದರೆ ಹೂಂ ಅಂತಾಳೆ. ಅದನ್ನು ಯಾವುದಕ್ಕೆ ಹಿಡೀತೀರಿ ತಮ್ಮಾ?

ಕಡಗಂಚಿ ಹಾಸ್ಟೆಲ್

ಸಮಿತಿಯವರನ್ನೇ ಕೇಳಬೇಕು ಅಕ್ಕಾ 😀

ಬೇಳೆ ಅಂಗಡಿ, ಕಲಬುರಗಿ

ಎರಡು ತಿಂಗಳಾಯ್ತು. ಟಿಎಸ್‌ಎಚ್ 42ರಿಂದ 11ಕ್ಕೆ ಬಂದಿದೆ, ಮಾತ್ರೆ ಸ್ವಲ್ಪ ಏರಿಸಿದ್ದಾರೆ. ಬಾವು ಇಳಿದಿದೆ. ಮಧ್ಯಾಹ್ನ ಮಲಗಲ್ಲ. ಮೊನ್ನೆ ತಾನಾಗೇ ಮರ ತೆಗೆದುಕೊಂಡು ಕೂತಳು. ಹರಳು ಒಂದು ಕಡೆ, ಬೇಳೆ ಒಂದು ಕಡೆ. ಅರ್ಧಕ್ಕೆ ನಿಲ್ಲಿಸಿ, ಯಾವುದು ಇಡಬೇಕು ಅಂತ ಅವ್ವನ ಮುಖ ನೋಡಿದಳು. ಮೊದಲು ಹಾಗೆ ನೋಡ್ತಿರಲಿಲ್ಲ. ರಾತ್ರಿ ಸಾರಿನಲ್ಲಿ ನನ್ನ ಹಲ್ಲಿಗೆ ಮೂರು ಹರಳು ಸಿಕ್ಕವು, ನುಂಗಿದೆ.

ನಾನು ಅಂಗಡಿಗೆ ಬರೋ ಗಿರಾಕಿಗಳನ್ನು ಕೇಳಿ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೀನಿ, ನಮ್ಮ ಊರಲ್ಲೇ 11 ಜನ, 18 ದಾಟಿದವರು. ಹನ್ನೊಂದರಲ್ಲಿ ಒಬ್ಬರಿಗೆ ಮಾತ್ರ ಥೈರಾಯ್ಡ್ ನೋಡಿಸಿದ್ದಾರೆ. ಸೇಡಂ ಲೆಕ್ಕ ಸರ್ ಅರ್ಜಿಯ ಖರ್ಚಿನ ಪುಟ ಬರೆದು ಕೊಟ್ಟಿದ್ದಾರೆ. ನೈಟ್ ಡ್ಯೂಟಿ ಅಕ್ಕೋರು ತಪಾಸಣೆಯ ಪುಟ ನೋಡ್ತಿದ್ದಾರೆ. ಅರ್ಜಿ ಹಾಕೋ ಸಂಸ್ಥೆ ಇನ್ನೂ ಸಿಕ್ಕಿಲ್ಲ. ಇಬ್ಬರು ಪ್ರೊಫೆಸರ್ ಹತ್ತಿರ ಹೋಗಿದ್ದೆ, ಒಬ್ಬರು ಆಸಕ್ತಿ ಇದೆ ಅಂದರು, ಒಬ್ಬರು ಫೋನ್ ಎತ್ತುತ್ತಿಲ್ಲ.

ಬೀದರ್ ಕೋಟೆ

ಬೀದರದವರನ್ನೂ ಬರಕೋತೀರಾ? ನಮ್ಮ ಓಣಿಯಲ್ಲಿ ಒಬ್ಬರಿದ್ದಾರೆ, ತಮ್ಮನ ಮನೆಯಲ್ಲಿ. ತಲೆ ಪೂರ್ತಿ ಬೆಳ್ಳಗಾಗಿದೆ. ಇಷ್ಟು ದಿನ ನನಗೆ ಹೊಳೆದೇ ಇರಲಿಲ್ಲ. ವಯಸ್ಸು ಎಷ್ಟು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಶಾಲೆಗೆ ಹೋದವರಲ್ಲ.

ಬೇಳೆ ಅಂಗಡಿ, ಕಲಬುರಗಿ

ಬರಕೋತೀನಿ ಸರ್. ಆ ಮನೆಯ ಹಿರಿಯರನ್ನು ಕೇಳಿ, ಅವರು ಹುಟ್ಟಿದ್ದು 72ರ ಬರಕ್ಕಿಂತ ಮೊದಲೋ ಆಮೇಲೋ ಅಂತ. ಅಷ್ಟು ಸಾಕು. ಮತ್ತೆ ಕಿವಿ ಕೇಳ್ತದಾ ನೋಡಿ.